ಕಾಟ್ಲಾದ ತಕರಾರು

ಜಲಾಶಯದ ನಡುವೆ ಲಗಮಪ್ಪನ ಗಾಳಕ್ಕೆ ದೊಡ್ಡದೊಂದು ಕಾಟ್ಲಾ ಸಿಕ್ಕಿತು. ಪಕ್ಕದ ತೆಪ್ಪದಲ್ಲಿದ್ದ ದ್ಯಾಮಣ್ಣ ಕೈ ಚಾಚಿದ.

"ಮೀನ ಇತ್ತ ಕೊಡು. ಅದು ನಂದು."

"ಗಾಳ ನಂದು, ತೆಪ್ಪ ನಂದು. ಮೀನ ಹ್ಯಾಂಗ ನಿಂದಾಗತೈತಿ?"

ಜಗಳ ಜೋರಾಯಿತು. ಮೀನುಗಾರರ ಸಂಘಕ್ಕೆ ಹೊಸದಾಗಿ ಬಂದಿದ್ದ ಕಾರ್ಯದರ್ಶಿ ತಮ್ಮ ತೆಪ್ಪವನ್ನು ಇಬ್ಬರ ನಡುವೆ ತಂದು ನಿಲ್ಲಿಸಿದರು.

"ನೀರು ಸರ್ಕಾರದ್ದು ದ್ಯಾಮಣ್ಣ. ಮೀನು ನಿಮ್ಮದು ಹೇಗಾಗುತ್ತೆ?"

"ನೀರ ಸರ್ಕಾರದ್ದ ಇರಲಿ ಸಾಹೇಬ್ರ. ಕೆಳಗ ನೋಡ್ರಿ."

ಕಾರ್ಯದರ್ಶಿ ಬಗ್ಗಿ ನೋಡಿದರು. ತಿಳಿನೀರಿನ ಆಳದಲ್ಲಿ, ಮುಳುಗಡೆಯಾದ ಊರಿನ ಎರಡು ಮನೆಗಳ ಗೋಡೆಗಳೂ ನಡುವೆ ಒಂದಿಷ್ಟು ಖಾಲಿ ಜಾಗವೂ ಕಾಣಿಸಿದವು.

"ಮೀನ ಸಿಕ್ಕಿದ್ದು ನಮ್ಮ ಹಿತ್ತಲದಾಗ," ಎಂದ ದ್ಯಾಮಣ್ಣ.

ಲಗಮಪ್ಪ ಮೀನನ್ನು ಎದೆಗೆ ಅವುಚಿಕೊಂಡ.

"ಅಂವಂದು ಅಂತ ಯಾರ ಹೇಳಿದ್ರು ಸಾಹೇಬ್ರ? ಆ ಹಿತ್ತಲದ ಕೇಸು ಕೋರ್ಟಿನ್ಯಾಗ ಇನ್ನೂ ನಡದೈತ್ರಿ."