ವಿಮಲಾಕ್ಷಿಯವರ ಎರಡು ನಕಲುಗಳು

ನಮ್ಮ ಲಾರಿ ಕಂಪನಿಯಲ್ಲಿ ಯಾರಾದರೂ ರಜೆ ಹಾಕಿದರೆ ಅವರ ಮನಸ್ಸಿನ ಡಿಜಿಟಲ್ ನಕಲು ಸರ್ವರ್‌ನಲ್ಲಿ ಕೂತು ಕೆಲಸ ಮಾಡುತ್ತದೆ. ಆ ವಾರ ನಾನೂ ರುದ್ರೇಶನೂ ಎರಡು ಹೊಸ ಸಾಫ್ಟ್‌ವೇರ್ ಪರೀಕ್ಷಿಸುತ್ತಿದ್ದೆವು. ಒಂದರಲ್ಲಿ ನಕಲಿಗೆ ಎಲ್ಲವೂ ನೆನಪಿರುತ್ತದೆ. ಇನ್ನೊಂದರಲ್ಲಿ ಅದು ಪ್ರತಿ ಬೆಳಿಗ್ಗೆ ಎಲ್ಲ ಮರೆತು, ನಕಲು ತೆಗೆದ ದಿನಕ್ಕೇ ಎದ್ದು ಕೂರುತ್ತದೆ. ಎರಡಕ್ಕೂ ಬುಕಿಂಗ್ ವಿಭಾಗದ ವಿಮಲಾಕ್ಷಿಯವರಿಂದ ರಜೆಗೆ ಮೊದಲು ತೆಗೆದಿದ್ದ ನಕಲನ್ನೇ ಹಾಕಿದ್ದೆವು. ಅವರು ತಿಂಗಳಿಂದ ರಜೆಯಲ್ಲಿದ್ದರು.

ನಾನು ವೇಗ ನೋಡುತ್ತಿದ್ದೆ. ನೆನಪಿನ ಪರೀಕ್ಷೆ ರುದ್ರೇಶನದು. ಸಂಜೆ ನಕಲಿಗೆ ಗೊತ್ತಿಲ್ಲದ ಸುದ್ದಿಯೊಂದನ್ನು ಹೇಳಬೇಕು, ಬೆಳಿಗ್ಗೆ ನೆನಪಿದೆಯೇ ಎಂದು ಕೇಳಬೇಕು.

ವರದಿಗೆ ಅಸಲಿ ವ್ಯಕ್ತಿಯ ಸಹಿ ಬೇಕು. ಶುಕ್ರವಾರ ವಿಮಲಾಕ್ಷಿ ಕೆಲಸಕ್ಕೆ ಮರಳಿದಾಗ, ಮರೆಯುವ ನಕಲನ್ನು ತೆರೆದು ತೋರಿಸಿದೆ.

"ಸಾರ್, ಇವತ್ತು ನಾಲ್ಕಕ್ಕೇ ಹೊರಡ್ಲಾ? ಮಗಳದ್ದು ಸ್ಕೂಲ್ ಡೇ," ಎಂದು ಪರದೆಯ ವಿಮಲಾಕ್ಷಿ ನಗುತ್ತ ಕೇಳಿದರು.

ನನ್ನ ಪಕ್ಕದಲ್ಲಿದ್ದ ಅಸಲಿ ವಿಮಲಾಕ್ಷಿ ಕುರ್ಚಿ ಹಿಡಿದುಕೊಂಡರು. ಆ ಮಗುವನ್ನು ಮಣ್ಣು ಮಾಡಿ ತಿಂಗಳಾಗಿತ್ತು.

ಗಾಬರಿಯಲ್ಲಿ ವರದಿ ತೆರೆದೆ. ಮರೆಯುವ ನಕಲಿನ ಮುಂದೆ ಸೋಮವಾರದಿಂದ ಗುರುವಾರದವರೆಗೆ ದಿನವೂ ರುದ್ರೇಶ ಒಂದೇ ಸಾಲು ಬರೆದಿದ್ದ: "ಮಗಳು ತೀರಿಕೊಂಡಳೆಂದು ಹೇಳಿದೆ. ಅತ್ತರು. ಬೆಳಿಗ್ಗೆ ನೆನಪಿಲ್ಲ. ಪಾಸ್." ನೆನಪಿಡುವ ನಕಲಿನ ಮುಂದೆ, "ಮಂಗಳವಾರದಿಂದ ಕೆಲಸ ಮಾಡುತ್ತಿಲ್ಲ. ಫೇಲ್."

"ನಕಲಿಗೆ ಖಂಡಿತ ಗೊತ್ತಿಲ್ಲದ ಸುದ್ದಿ ಅದೇ ಅಲ್ವಾ ಸಾರ್," ಎಂದ ಪಕ್ಕದ ಮೇಜಿನಲ್ಲಿದ್ದ ರುದ್ರೇಶ.



ವಿಮಲಾಕ್ಷಿ ಪರದೆಗೆ ಹತ್ತಿರವಾದರು. "ಹೊರಡಮ್ಮ, ತಡ ಮಾಡ್ಬೇಡ," ಎಂದು ತಮ್ಮ ನಕಲಿಗೆ ಹೇಳಿದರು. ಆಮೇಲೆ ಸಹಿ ಹಾಕಿ ಪೆನ್ನು ಕೊಟ್ಟರು.

"ಇದನ್ನೇ ತಗೊಳ್ಳಿ ಸಾರ್. ಸಂಜೆ ಮಾತ್ರ ಏನೂ ಹೇಳ್ಬೇಡಿ."