ಎಂಟುನೂರ ಹನ್ನೆರಡನೆಯ ಸಾಲು

"ಎರಡೂ ಒಂದೇ," ಎನ್ನುತ್ತ ವಕೀಲೆ ಇಗರಾಶಿ ಕಂಪ್ಯೂಟರ್ ಕೋಡ್ ಮುದ್ರಿಸಿದ ಎರಡು ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. "ಕದ್ದಿದ್ದು ಅಂತ ಹೇಳೋಕೆ ಕಾನೂನು ಓದಿರಬೇಕಾಗಿಲ್ಲ."

ಒಸಾಕಾದ ಆಟದ ಕಂಪನಿಯ ಮೂರನೆಯ ಮಹಡಿ. ಲಿಫ್ಟ್ ರಿಪೇರಿಯ ಕುವಾಬಾರಾ ಕೆಲಸದ ಅಂಗಿಯಲ್ಲೇ ಬಂದು, ಅವಳ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಿದ್ದ. ಕಂಪನಿ ಮೂವತ್ತು ವರ್ಷಗಳ ಹಿಂದೆ ಮಾರುತ್ತಿದ್ದ ಆಟದ ಯಂತ್ರವನ್ನು ಇಂದಿನ ಕಂಪ್ಯೂಟರಿನಲ್ಲಿ ಮತ್ತೆ ಬದುಕಿಸುವ ಎಮ್ಯುಲೇಟರ್ ಒಂದನ್ನು ಅವನು ಹನ್ನೊಂದು ವರ್ಷಗಳ ಭಾನುವಾರಗಳಲ್ಲಿ ಬರೆದು, ಕೋಡ್ ಹಂಚುವ ತಾಣದಲ್ಲಿ ಎಲ್ಲರಿಗೂ ಪುಕ್ಕಟೆ ಇಟ್ಟಿದ್ದ.

ಅದೇ ಯಂತ್ರವನ್ನು ಪುಟ್ಟ ಪೆಟ್ಟಿಗೆಯಾಗಿ ಶುಕ್ರವಾರ ಮತ್ತೆ ಮಾರಲು ಕಂಪನಿ ಸಜ್ಜಾಗಿತ್ತು; ಅದರ ಕೋಡನ್ನೂ ಅದೇ ತಾಣದಲ್ಲಿ ಇಟ್ಟಿತ್ತು. ಅಷ್ಟರಲ್ಲಿ ತಾಣಕ್ಕೆ ಹಕ್ಕುಸ್ವಾಮ್ಯದ ದೂರು ಹೋಯಿತು. ಮರುದಿನವೇ ಪುಟ ಮುಚ್ಚಿತು. ಮೇಜಿನಾಚೆ ಕೂತಿದ್ದ ಕಂಪನಿಯ ನಿರ್ದೇಶಕ ತ್ಸುಕಾಮೊತೊ ಚಹಾ ಮುಟ್ಟಿರಲಿಲ್ಲ.

"ಎಮ್ಯುಲೇಟರ್ ಬರೆಯೋದು ತಪ್ಪಲ್ಲ, ಸ್ವಂತವಾಗಿ ಬರೆದರೆ," ಎಂದ ಕುವಾಬಾರಾ ಮೆಲ್ಲಗೆ.

"ಅದು ನನಗೆ ಗೊತ್ತು. ನೀವು ಸ್ವಲ್ಪ ಸುಮ್ನಿರಿ," ಎಂದಳು ಇಗರಾಶಿ. "ಎಂಟುನೂರ ಹನ್ನೆರಡನೇ ಸಾಲು ನೋಡಿ. ಎರಡರಲ್ಲೂ ಅದೇ ಕಾಗುಣಿತದ ತಪ್ಪು."

ಕುವಾಬಾರಾನ ಕಿವಿ ಕೆಂಪಾಯಿತು. "ನಾಚಿಕೆ ಆಗುತ್ತೆ."

ತ್ಸುಕಾಮೊತೊ ಗಂಟಲು ಸರಿಮಾಡಿಕೊಂಡ. "ಪತ್ರಿಕೆಯವರಿಗೆ ಗೊತ್ತಾದರೆ ಕಷ್ಟ. ಕೋರ್ಟು ಗೀರ್ಟು ಬೇಡ, ಇಲ್ಲೇ ಮುಗಿಸೋಣ. ಏನಂತೀರಿ, ಕುವಾಬಾರಾ ಸಾನ್?"

"ನನಗೂ ಪುರುಸೊತ್ತಿಲ್ಲ. ಉಮೆದಾದಲ್ಲಿ ಒಂದು ಲಿಫ್ಟ್ ನಾಲ್ಕನೇ ಮಹಡೀಲಿ ನಿಂತುಬಿಟ್ಟಿದೆ." ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ದುಡ್ಡಿನ ಮಾತಲ್ಲ. ಹನ್ನೊಂದು ವರ್ಷದ್ದು. ಹೆಸರು ಅಳಿಸಿಹೋದರೆ ಹೊಟ್ಟೆ ಉರಿಯುತ್ತೆ."

"ಅದರ ಕೆಳಗೆ, ಕೋಡ್ ಬರೆದವರು ತಮಗಾಗಿ ಹಾಕಿಕೊಂಡ ಟಿಪ್ಪಣಿ ಓದ್ತೀನಿ," ಎಂದು ಇಗರಾಶಿ ಕನ್ನಡಕ ಏರಿಸಿದಳು. "'ಯೊಶಿಯೆ ಊಟಕ್ಕೆ ಕರೀತಿದ್ದಾಳೆ, ಉಳಿದದ್ದು ಮುಂದಿನ ಭಾನುವಾರ.' ಇದೂ ಎರಡರಲ್ಲೂ ಇದೆ."

ತ್ಸುಕಾಮೊತೊ ಎರಡೂ ಹಾಳೆಗಳನ್ನು ತನ್ನತ್ತ ಎಳೆದುಕೊಂಡ.

"ಯೊಶಿಯೆ ಅಂದರೆ ನನ್ನ ಕಕ್ಷಿದಾರರ ಹೆಂಡತಿ, ತ್ಸುಕಾಮೊತೊ ಸಾನ್," ಎಂದಳು ಇಗರಾಶಿ ನಗು ತಡೆಯುತ್ತ. "ನಾವು ದೂರು ಕೊಟ್ಟು ಮುಚ್ಚಿಸಿದ ನಿಮ್ಮ ಕಂಪನಿಯ ಪುಟದಲ್ಲಿ ಅವರು ಊಟಕ್ಕೆ ಕರೀತಿರೋದು ಯಾರನ್ನ?"

ನಿರ್ದೇಶಕ ಎದ್ದು, ಲಿಫ್ಟ್ ರಿಪೇರಿಯವನ ಮುಂದೆ ಸೊಂಟ ಬಗ್ಗಿಸಿ, ಪೆಟ್ಟಿಗೆಯ ಮೇಲೆ ಅವನ ಹೆಸರನ್ನು ಯಾವ ಅಕ್ಷರಗಳಲ್ಲಿ ಬರೆಯಬೇಕೆಂದು ಕೇಳಿದ.