ತಪ್ಪಿದ ಪಾಳಿಯ ಗಾಳಿ

ಚಂದ್ರನ ಮೇಲಿನ ಏಳನೇ ಓಣಿಗೆ ಹೊತ್ತುಹೊತ್ತಿಗೆ ಗಾಳಿ ಬಿಡುವ ಕಂಪ್ಯೂಟರಿನ ಹೊಣೆ ನೀಲಾಂಬಿಕೆಯದು. ಬೆಳಿಗ್ಗೆ ಸರಿಯಾಗಿ ಎಂಟಕ್ಕೆ ಹೋದ ಕರೆಂಟು ಹತ್ತು ನಿಮಿಷದಲ್ಲಿ ಬಂತು, ಗಾಳಿ ಮಾತ್ರ ಬರಲಿಲ್ಲ. ಗಡಿಯಾರ ನೋಡಿ ನಡೆಯುವ ಯಂತ್ರದ ಪಾಲಿಗೆ ಎಂಟರ ಪಾಳಿ ಮುಗಿದುಹೋಗಿತ್ತು. ಓಣಿಯ ಬಾಣಂತಿ ಗುರುಬಾಯಿ ಎಚ್ಚರ ತಪ್ಪಿದಳು.

"ತಪ್ಪಿದ ಪಾಳಿ ಕರೆಂಟ್ ಬಂದ ಕೂಡ್ಲೇ ನಡೀಬೇಕು, ಆ ಪದ್ಧತಿ ಹಾಕ್ರಿ ಅಂತ ಮೂರು ಸಲ ಬರದು ಕೊಟ್ಟೀನಿ!" ನೀಲಾಂಬಿಕೆ ಮೇಲಧಿಕಾರಿ ದೇಸಾಯಿಯ ಮೇಲೆ ಹರಿಹಾಯ್ದಳು.

"ವೇಳಾಪಟ್ಟಿ ಕೆಡತದ. ಮುಂದಿನ ಪಾಳಿ ಹನ್ನೆರಡಕ್ಕ ಅದ ಅಲ್ಲ?"

"ಅಲ್ಲೀತನಕ ನೀವು ಉಸಿರು ಬಿಗಿಹಿಡದು ಕೂಡ್ರಿ, ನೋಡೂಣು!"

ಅಪ್ಪಣೆಗೆ ಕಾಯದೆ ಅವಳೇ ಕಂಪ್ಯೂಟರಿನಲ್ಲಿ ಆ ಪದ್ಧತಿ ಹಾಕಿದಳು; ತಪ್ಪಿದ ಎಂಟರ ಪಾಳಿ ಕೂಡಲೇ ಶುರುವಾಯಿತು. ಕೊಳವೆಗಳು ಭುಸುಗುಟ್ಟಿದವು. ತುಸು ಹೊತ್ತಿಗೆ ಓಣಿಯಿಂದ ಫೋನು ಬಂತು: ಗುರುಬಾಯಿ ಕಣ್ಣು ತೆರೆದಿದ್ದಳು.

ದೇಸಾಯಿ ಅವಳನ್ನು ಕೆಲಸದಿಂದ ತೆಗೆಯುವ ಆದೇಶ ಬರೆಯತೊಡಗಿದ.

"ಕಾರಣ ಬಿಡಿಸಿ ಬರೀರಿ," ಎಂದಳು. "ಓಣಿಯವರ ಮುಂದ ಓದೂದೈತಿ."